ಕಾವೇರಿ ಬಗ್ಗೆ ಎರಡೂ ಕಡೆಯವರು ಕೂತು ನೋಡುವ ಚಿತ್ರೋತ್ಸವ ಮಾಡುವುದು ಹೇಗೆ

ಕಾವೇರಿ ಗಲಾಟೆ ಶುರುವಾದರೆ ಮೊದಲು ಬಾಗಿಲು ಹಾಕುವುದು ಸಿನಿಮಾ ಟಾಕೀಸು. ತಮಿಳು ಚಿತ್ರದ ಪೋಸ್ಟರ್ ಕಿತ್ತು ಹಾಕುತ್ತಾರೆ, ಶೋ ರದ್ದಾಗುತ್ತದೆ, ಗಡಿ ದಾಟುವ ಬಸ್ಸುಗಳು ನಿಲ್ಲುತ್ತವೆ. 1991ರ ಡಿಸೆಂಬರ್‌ನಲ್ಲಿ ಬೆಂಗಳೂರು ಹೊತ್ತಿ ಉರಿಯಿತು, 2016ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಸ್ಸುಗಳು ಸುಟ್ಟವು. 2018ರಲ್ಲಿ ಒಬ್ಬ ತಮಿಳು ನಟರು ಕಾವೇರಿ ಬಗ್ಗೆ ಆಡಿದ ಮಾತಿಗೆ ಅವರ ಚಿತ್ರವೇ ಇಲ್ಲಿ ಬರಬಾರದು ಅಂತ ಪಟ್ಟು ಹಿಡಿದರು, ಬಿಡುಗಡೆ ಆಗುವ ಚಿತ್ರಮಂದಿರಗಳಿಗೆ ಭದ್ರತೆ ಕೊಡಿ ಅಂತ ಕೊನೆಗೆ ಹೈಕೋರ್ಟ್ ಹೇಳಬೇಕಾಯಿತು.

ಹಾಗಿದ್ದ ಮೇಲೆ ಅದೇ ಪರದೆ ಮುಂದೆ ಎರಡೂ ಕಡೆಯವರನ್ನು ಕೂರಿಸಿದರೆ ಹೇಗೆ ಅಂತ ನಾವು ಕೆಲವು ಗೆಳೆಯರು ಯೋಚಿಸಿದೆವು. ಎರಡು ಸಲ ಮಾಡಿದೆವು. ಮೊದಲನೆಯದು ಕೆಟ್ಟಿತು, ಎರಡನೆಯದು ಚೆನ್ನಾಗಿ ನಡೆಯಿತು. ಯಾಕೆ ಕೆಟ್ಟಿತು, ಏನು ಬದಲಾಯಿಸಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕಂದ್ರೆ ಇಂಥದ್ದು ಇನ್ನೂ ಹತ್ತು ಕಡೆ ಆಗಬೇಕು ಅನ್ನೋದು ನನ್ನ ಆಸೆ. ಬೇರೆ ಜಗಳಕ್ಕೂ ಇದು ಹೊಂದುತ್ತದೆ. ಬೆಳಗಾವಿ ಗಡಿ ಇರಬಹುದು, ಮಹದಾಯಿ ಇರಬಹುದು. ನನಗೆ ಗೊತ್ತಿರುವುದು ಕಾವೇರಿ, ಅದನ್ನೇ ಹೇಳುತ್ತೇನೆ.

ಮೊದಲು ಧೈರ್ಯಕ್ಕೆ ಒಂದೆರಡು ಮಾತು. ಯುರೋಪಿನ ಬೋಸ್ನಿಯಾ ದೇಶದ ಸರಾಯೆವೊ ನಗರವನ್ನು 1992ರಿಂದ ಸುತ್ತುವರಿದು ಶೆಲ್ ಹಾಕುತ್ತಿದ್ದರು. ಮುತ್ತಿಗೆ ಇನ್ನೂ ಮುಗಿದಿರಲೇ ಇಲ್ಲ, 1995ರ ಅಕ್ಟೋಬರ್‌ನಲ್ಲಿ ಅಲ್ಲಿನ ಜನ ಚಿತ್ರೋತ್ಸವ ಶುರು ಮಾಡಿದರು. ಇವತ್ತಿಗೂ ಅದು ನಡೆಯುತ್ತಿದೆ. ಕಠ್ಮಂಡುವಿನಲ್ಲಿ 1997ರಲ್ಲಿ ಶುರುವಾದ ಫಿಲ್ಮ್ ಸೌತ್ ಏಷ್ಯಾ ಅನ್ನುವ ಸಾಕ್ಷ್ಯಚಿತ್ರೋತ್ಸವ ಇದೆ. ದೆಹಲಿಯಲ್ಲೋ ಲಾಹೋರಿನಲ್ಲೋ ಸುಲಭವಾಗಿ ಒಟ್ಟು ಸೇರಲಾಗದ ಭಾರತ, ಪಾಕಿಸ್ತಾನದ ಚಿತ್ರಕರ್ಮಿಗಳು ಅಲ್ಲಿ ಒಂದೇ ಸಾಲಿನಲ್ಲಿ ಕೂತು ಒಬ್ಬರ ಚಿತ್ರ ಒಬ್ಬರು ನೋಡುತ್ತಾರೆ. ನಮ್ಮದೇ ನದಿ ದಂಡೆಯ ಉದಾಹರಣೆ ಬೇಕಾದರೆ 'ಕಾವೇರಿ ಕುಟುಂಬ'. 2003ರಲ್ಲಿ, ಮಳೆ ಕೈಕೊಟ್ಟು ಎರಡೂ ರಾಜ್ಯ ಕುದಿಯುತ್ತಿದ್ದಾಗ, ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರೊಫೆಸರ್ ಎಸ್. ಜನಕರಾಜನ್ ಮುಂದೆ ನಿಂತು ಎರಡೂ ಕಡೆಯ ರೈತ ಮುಖಂಡರನ್ನು ಸೇರಿಸಿದರು. ಇಲ್ಲಿಂದ ಕೆ.ಎಸ್. ಪುಟ್ಟಣ್ಣಯ್ಯ, ಅಲ್ಲಿಂದ ಮನ್ನಾರ್‌ಗುಡಿ ರಂಗನಾಥನ್ ಇದ್ದರು. ಒಬ್ಬರ ಗದ್ದೆ ಒಬ್ಬರು ನೋಡಿ ಬಂದರು. ಲಾಯರುಗಳು, ಮಂತ್ರಿಗಳು ಇಲ್ಲದೆ ರೈತರೇ ಮಾತಾಡಬಹುದು ಅಂತ ಅವರು ತೋರಿಸಿಕೊಟ್ಟರು. ಚಿತ್ರೋತ್ಸವದಲ್ಲಿ ನಾವು ಮಾಡಲು ನೋಡುವುದೂ ಅದನ್ನೇ, ಜೊತೆಗೆ ಮಾತು ಶುರುವಾಗಲು ಒಂದು ಸಿನಿಮಾ ಇರುತ್ತದೆ ಅಷ್ಟೇ.

ಯಾವಾಗ, ಎಲ್ಲಿ

ಆಗಸ್ಟ್, ಸೆಪ್ಟೆಂಬರ್ ಬೇಡವೇ ಬೇಡ. ಮಳೆ ಕಮ್ಮಿಯಾದ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಆದೇಶ, ಸುಪ್ರೀಂ ಕೋರ್ಟ್, ಬಂದ್ ಎಲ್ಲ ಬರುವುದು ಆಗಲೇ. 2023ರಲ್ಲಿ ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್ ಆಯಿತು. ಆ ಹೊತ್ತಿನಲ್ಲಿ ಯಾರೂ ಸಿನಿಮಾ ನೋಡುವ ಮನಸ್ಸಿನಲ್ಲಿ ಇರುವುದಿಲ್ಲ. ಫೆಬ್ರವರಿ ಕೊನೆ ಒಳ್ಳೆಯ ಸಮಯ. ಇಲ್ಲಿ ಸುಗ್ಗಿ ಮುಗಿದಿರುತ್ತದೆ, ತಂಜಾವೂರು ಕಡೆ ಸಾಂಬಾ ಭತ್ತದ ಕೊಯ್ಲೂ ಹೆಚ್ಚುಕಮ್ಮಿ ಮುಗಿದಿರುತ್ತದೆ. ರೈತರಿಗೆ ಎರಡು ದಿನ ಬಿಡುವು ಸಿಗುತ್ತದೆ.

ಜಾಗದ ವಿಷಯದಲ್ಲಿ ನಾವು ಮೊದಲ ಸಲ ತಪ್ಪು ಮಾಡಿದೆವು. ದೊಡ್ಡ ಊರಿನ ಮಧ್ಯದ ಸಭಾಭವನ ತೆಗೆದುಕೊಂಡೆವು. ತಮಿಳುನಾಡಿನಿಂದ ಬಂದವರು ಬಸ್ಸು ಇಳಿದಾಗಿನಿಂದ ಹೆದರಿಕೊಂಡೇ ಇದ್ದರು, ತಮ್ಮತಮ್ಮಲ್ಲೂ ತಮಿಳಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಎರಡನೇ ಸಲ ಗಡಿ ಪಕ್ಕದ ಸಣ್ಣ ಊರಿನ ಸಮುದಾಯ ಭವನಕ್ಕೆ ಹೋದೆವು. ಕೊಳ್ಳೇಗಾಲ, ಹನೂರು, ಚಾಮರಾಜನಗರದ ಕಡೆ, ಗಡಿ ಆಚೆ ತಾಳವಾಡಿ, ಹೊಸೂರು ಕಡೆ ಎರಡೂ ಭಾಷೆ ಮಾತಾಡುವ ಜನ ಇದ್ದಾರೆ. ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದು, ಮನೆಮಾತು ಹೆಚ್ಚಿನವರದು ಕನ್ನಡ. ಅಂಥ ಊರಲ್ಲಿ ಯಾರೂ ಪರಕೀಯರಲ್ಲ. ಟೀ ಅಂಗಡಿಯವರೇ ಎರಡು ಭಾಷೆಯಲ್ಲಿ 'ಸಕ್ಕರೆ ಬೇಕಾ' ಅಂತ ಕೇಳುತ್ತಾರೆ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಯಾರನ್ನು ಕರೆಯಬೇಕು

ನಾಲೆಯ ಕೊನೆ ಭಾಗದ ರೈತರನ್ನು ಮೊದಲು ಕರೆಯಿರಿ. ಇದು ನಾನು ಕೊಡುವ ಎಲ್ಲ ಸಲಹೆಗಳಲ್ಲಿ ಮುಖ್ಯವಾದದ್ದು. ಕೆಆರ್‌ಎಸ್ ಅಣೆಕಟ್ಟೆಯಿಂದ ಹೊರಡುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಮೇಲ್ಭಾಗದಲ್ಲಿ ಕಬ್ಬು ಬೆಳೆಯುವವರ ಕಷ್ಟ ಬೇರೆ, ಕೊನೆಯಲ್ಲಿ ಮದ್ದೂರು, ಮಳವಳ್ಳಿ ಕಡೆ ನೀರಿಗೆ ಕಾಯುವವರ ಕಷ್ಟ ಬೇರೆ. ಅಲ್ಲಿ ನಾಗಪಟ್ಟಣಂ, ತಿರುವಾರೂರಿನಲ್ಲಿ ಅವರಿಗೆ 'ಕಡೈಮಡೈ' ರೈತರು ಅನ್ನುತ್ತಾರೆ, ನಮ್ಮ 'ಕಡೆ' ಅನ್ನುವ ಮಾತೇ ಅದರಲ್ಲಿದೆ. ಈ ಇಬ್ಬರಿಗೆ ತಮ್ಮ ರಾಜ್ಯದ ಮೇಲ್ಭಾಗದವರಿಗಿಂತ ಪಕ್ಕದ ರಾಜ್ಯದ ಕೊನೆ ಭಾಗದವರ ಕಷ್ಟ ಬೇಗ ಅರ್ಥವಾಗುತ್ತದೆ.

ಆಮೇಲೆ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಗಳು, ಗದ್ದೆ ಕೂಲಿ ಮಾಡುವ ಹೆಂಗಸರು, 1991ರಲ್ಲಿ ಬೆಂಗಳೂರಿನಿಂದ ಓಡಿಹೋಗಬೇಕಾದ ತಮಿಳು ಕುಟುಂಬದವರು, ಕಾವೇರಿ ನೀರು ಕುಡಿದು ಅದರ ಯೋಚನೆಯೇ ಮಾಡದ ಬೆಂಗಳೂರಿನ ಅಪಾರ್ಟ್‌ಮೆಂಟಿನವರು. ಆಗುವುದಾದರೆ ಕಬಿನಿ ಹುಟ್ಟುವ ವಯನಾಡಿನಿಂದ ಒಬ್ಬರು, ನದಿ ಕೊನೆಯ ಕಾರೈಕಾಲ್‌ನಿಂದ ಒಬ್ಬರು. ನೂರು ಜನ ಸಾಕು. ಜಾಸ್ತಿ ಬಂದರೆ ಮಾತುಕತೆ ಹೋಗಿ ಸಭೆ ಆಗಿಬಿಡುತ್ತದೆ.

ರಾಜಕಾರಣಿಗಳನ್ನು ವೇದಿಕೆಗೆ ಕರೆಯಬೇಡಿ. ನಮ್ಮ ಮೊದಲ ಉತ್ಸವದಲ್ಲಿ ಉದ್ಘಾಟನೆಗೆ ಬಂದವರೊಬ್ಬರು ಮುಕ್ಕಾಲು ಗಂಟೆ ಭಾಷಣ ಮಾಡಿದರು. ಕೊನೆಯ ಹತ್ತು ನಿಮಿಷ ಪೂರ್ತಿ ಪಕ್ಕದ ರಾಜ್ಯದವರ ಮೇಲೆ. ಮಾತು ಅಲ್ಲೇ ಮುರಿಯಿತು. ಎರಡನೇ ಸಲ ವೇದಿಕೆಯೇ ಇರಲಿಲ್ಲ. ಹಾರ, ಶಾಲು, ದೀಪ ಬೆಳಗುವುದು ಯಾವುದೂ ಇರಲಿಲ್ಲ. ಬಂದವರೆಲ್ಲ ತಮ್ಮೂರ ಕಡೆಯ ನೀರು ಒಂದು ಬಾಟಲಿಯಲ್ಲಿ ತಂದಿದ್ದರು, ಎಲ್ಲವನ್ನೂ ಒಂದೇ ತಾಮ್ರದ ಹಂಡೆಗೆ ಸುರಿದು ಬಾಗಿಲ ಹತ್ತಿರ ಇಟ್ಟೆವು.

ಚಿತ್ರ ಆರಿಸುವುದು

ನೇರವಾಗಿ ಕಾವೇರಿ ವಿವಾದದ ಚಿತ್ರದಿಂದ ಶುರು ಮಾಡಬೇಡಿ. ಮೊದಲ ಚಿತ್ರ ದೂರದ್ದಿರಲಿ, ಬೇರೆ ದೇಶದ ನದಿ, ಬೇರೆ ಜನದ ಜಗಳ. ಎರಡೂ ಕಡೆಯವರು ಆರಾಮಾಗಿ ನೋಡುತ್ತಾರೆ, 'ಇವರೂ ನಮ್ಮ ಹಾಗೇ ಕಿತ್ತಾಡ್ತಾರಲ್ಲ' ಅಂತ ತಾವೇ ಹೇಳಿಕೊಳ್ಳುತ್ತಾರೆ. ಎರಡನೆಯದು ಕೆಲಸದ ಚಿತ್ರ: ನಾಟಿ, ನಾಲೆ ಹೂಳು ತೆಗೆಯುವುದು, ಮೀನು ಹಿಡಿಯುವುದು, ಕಥೆ ಜಾಸ್ತಿ ಇಲ್ಲದಿದ್ದರೂ ಪರವಾಗಿಲ್ಲ. ವಿವಾದದ ಚಿತ್ರ ಎರಡನೇ ದಿನ ಬೆಳಗ್ಗೆ, ತಲೆ ಚುರುಕಾಗಿದ್ದಾಗ. ರಾತ್ರಿ ಬೇಡ, ಸಿಟ್ಟು ಇಟ್ಟುಕೊಂಡು ಯಾರೂ ಮಲಗಬಾರದು.

ಒಂದು ಕಡೆಯ ಪರ ವಾದ ಮಾಡುವ ಚಿತ್ರ ಇದ್ದರೆ ಬಿಡಬೇಕಿಲ್ಲ. ಆದರೆ ಇನ್ನೊಂದು ಕಡೆಯದನ್ನೂ ಅದೇ ದಿನ, ಅಷ್ಟೇ ಹೊತ್ತು ತೋರಿಸಿ. ನಿಮಿಷ ಲೆಕ್ಕ ಹಾಕಿ. ಜನ ಲೆಕ್ಕ ಹಾಕುತ್ತಾರೆ. ಪ್ರತಿ ಚಿತ್ರವನ್ನೂ ಒಬ್ಬ ಕನ್ನಡದವರು, ಒಬ್ಬ ತಮಿಳಿನವರು ಸೇರಿ ಪೂರ್ತಿ ನೋಡಿ ಒಪ್ಪಿರಬೇಕು. ನಿರ್ದೇಶಕರ ಒಪ್ಪಿಗೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಯೂಟ್ಯೂಬಿನಲ್ಲಿ ಇದೆ ಅಂತ ಹಾಗೇ ಹಾಕಬೇಡಿ.

ಸಬ್‌ಟೈಟಲ್: ಇಲ್ಲಿ ಜೀವ ಇದೆ

ಮೊದಲ ಸಲ ನಮ್ಮ ಚಿತ್ರಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಮಾತ್ರ ಇತ್ತು. ಇಪ್ಪತ್ತು ನಿಮಿಷಕ್ಕೆ ರೈತರು ಒಬ್ಬೊಬ್ಬರೇ ಎದ್ದು ಹೊರಗೆ ಬೀಡಿ ಸೇದಲು ಹೋದರು. ಯಾರಿಗಾಗಿ ಮಾಡಿದ್ದೆವೋ ಅವರೇ ಇರಲಿಲ್ಲ. ತಮಿಳು ಚಿತ್ರಕ್ಕೆ ಕನ್ನಡ, ಕನ್ನಡ ಚಿತ್ರಕ್ಕೆ ತಮಿಳು, ಬೇರೆ ಭಾಷೆಯದಕ್ಕೆ ಎರಡೂ ಬೇಕೇಬೇಕು. ಓದಲು ಬಾರದವರೂ ಇರುತ್ತಾರೆ. ಅವರಿಗಾಗಿ ಒಬ್ಬರು ಮೈಕಿನಲ್ಲಿ ತಗ್ಗಿದ ದನಿಯಲ್ಲಿ ಓದಿ ಹೇಳಬೇಕು, ಹಳ್ಳಿಯಲ್ಲಿ ಪುರಾಣ ಓದಿ ಹೇಳುತ್ತಿದ್ದ ಹಾಗೆ.

ಅನುವಾದಕ್ಕೆ ಕನಿಷ್ಠ ಒಂದು ತಿಂಗಳು ಇಟ್ಟುಕೊಳ್ಳಿ. ಒಂದು ಪದ ಎಷ್ಟು ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತಾಗಿದ್ದು ಇಲ್ಲೇ. ಒಂದು ತಮಿಳು ಚಿತ್ರದಲ್ಲಿ ಮುದುಕರೊಬ್ಬರು ಒಣಗಿದ ಗದ್ದೆಯಲ್ಲಿ ನಿಂತು 'ಎಂಗ ಪಂಗು' ಅನ್ನುತ್ತಾರೆ. ನಮ್ಮ ಅನುವಾದಕರು 'ನಮ್ಮ ಹಕ್ಕು' ಅಂತ ಹಾಕಿದ್ದರು. ತಾಳವಾಡಿಯ ಹಿರಿಯರೊಬ್ಬರು ತಾಲೀಮಿಗೆ ಅಂತ ನೋಡಲು ಬಂದವರು ಅಲ್ಲಿಗೇ ನಿಲ್ಲಿಸಿ ಅಂದರು. "ಪಂಗು ಅಂದ್ರೆ ಪಾಲು ಕಣಪ್ಪಾ, ಅಣ್ಣತಮ್ಮ ಆಸ್ತಿ ಹಂಚ್ಕೊಂಡಾಗ ಬರೋ ಪಾಲು. ಹಕ್ಕು ಅಂತ ಬರೆದ್ರೆ ಜಗಳಕ್ಕೆ ಬಂದಂಗೆ ಕಾಣ್ತದೆ." ಬದಲಾಯಿಸಿದೆವು. ಹಕ್ಕು ಅಂತ ಇದ್ದಿದ್ದರೆ ನಮ್ಮವರು ಕುರ್ಚಿಯಲ್ಲಿ ಸೆಟೆದು ಕೂರುತ್ತಿದ್ದರು. ಪಾಲು ಅಂತ ಓದಿದಾಗ ಅಣ್ಣತಮ್ಮಂದಿರ ಪಾಲು ಪಾರೀಕತ್ತು ಕಂಡವರೇ ಎಲ್ಲರೂ, ತಲೆ ಆಡಿಸಿದರು.

ತಾಂತ್ರಿಕವಾಗಿ ಒಂದೇ ಎಚ್ಚರಿಕೆ. ಸಬ್‌ಟೈಟಲ್ ಇರುವ ಎಸ್‌ಆರ್‌ಟಿ ಫೈಲನ್ನು ಯುಟಿಎಫ್-8 ಅನ್ನುವ ಅಕ್ಷರ ವಿಧಾನದಲ್ಲಿ ಉಳಿಸಿ. ಕೆಲವು ಪ್ಲೇಯರುಗಳಲ್ಲಿ ಕನ್ನಡದ ಒತ್ತಕ್ಷರ ಮುರಿದು ಬೇರೆ ಬೇರೆಯಾಗಿ ಬೀಳುತ್ತದೆ, 'ಕಷ್ಟ' ಅನ್ನುವುದು 'ಕಷ್‌ಟ' ಅಂತ ಕಾಣಿಸುತ್ತದೆ, ಇಲ್ಲವೇ ಬರೀ ಚೌಕಗಳು. ಅದಕ್ಕೇ ಸಬ್‌ಟೈಟಲನ್ನು ವಿಡಿಯೋದೊಳಗೇ ಅಚ್ಚೊತ್ತಿಸಿ, ಅದೇ ಲ್ಯಾಪ್‌ಟಾಪ್, ಅದೇ ಪ್ರೊಜೆಕ್ಟರಿನಲ್ಲಿ ಹಿಂದಿನ ದಿನವೇ ಪೂರ್ತಿ ಓಡಿಸಿ ನೋಡಿ. ಅಕ್ಷರ ದಪ್ಪ ಇರಲಿ, ಹಿಂದೆ ಕಪ್ಪು ಪಟ್ಟಿ ಇರಲಿ. ಕರೆಂಟ್ ಹೋದರೆ ಅಂತ ಜನರೇಟರ್ ಹೇಳಿಡಿ.

ಅನುಮತಿ

ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸೆನ್ಸಾರ್ ಪ್ರಮಾಣಪತ್ರ ಇರಬೇಕು. ಎಷ್ಟೋ ಸಾಕ್ಷ್ಯಚಿತ್ರಗಳಿಗೆ ಅದು ಇರುವುದಿಲ್ಲ. ಉತ್ಸವಗಳಿಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ವಿನಾಯಿತಿ ಕೊಡುತ್ತದೆ, ಆದರೆ ಟಿಕೆಟ್ ಮಾರುವಂತಿಲ್ಲ, ಹೆಸರು ನೋಂದಾಯಿಸಿದ ಪ್ರತಿನಿಧಿಗಳಿಗೆ ಮಾತ್ರ ತೋರಿಸಬೇಕು. ಅರ್ಜಿ ಎರಡು ತಿಂಗಳು ಮುಂಚೆಯೇ ಹಾಕಿ. ಸುಮ್ನೆ ತಲೆನೋವು ಬೇಡ ಅನ್ನುವವರು ಮೊದಲ ವರ್ಷ ಪ್ರಮಾಣಪತ್ರ ಇರುವ ಚಿತ್ರಗಳನ್ನೇ ಆರಿಸಿಕೊಳ್ಳಬಹುದು.

ಪೊಲೀಸ್ ಠಾಣೆಗೆ ಖುದ್ದಾಗಿ ಹೋಗಿ ಹೇಳಿ, ಪತ್ರ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. 'ಗಲಾಟೆ ಆಗುತ್ತೆ, ಮಾಡಬೇಡಿ' ಅನ್ನಬಹುದು. 1989ರಲ್ಲಿ ಸುಪ್ರೀಂ ಕೋರ್ಟ್ ರಂಗರಾಜನ್ ವಿರುದ್ಧ ಜಗಜೀವನ್ ರಾಮ್ ಪ್ರಕರಣದಲ್ಲಿ, ಅದೂ ಒಂದು ತಮಿಳು ಚಿತ್ರದ್ದೇ, ಪ್ರತಿಭಟನೆಯ ಬೆದರಿಕೆ ಇದೆ ಅನ್ನುವ ಕಾರಣಕ್ಕೆ ಚಿತ್ರವನ್ನು ತಡೆಯುವಂತಿಲ್ಲ, ಅದಕ್ಕೆ ರಕ್ಷಣೆ ಕೊಡುವುದು ಸರ್ಕಾರದ ಹೊಣೆ ಅಂತ ಸ್ಪಷ್ಟವಾಗಿ ಹೇಳಿದೆ. ಅದರ ಪ್ರತಿ ಕೈಯಲ್ಲಿರಲಿ. ಊರಿನ ಕನ್ನಡ ಸಂಘಟನೆಯವರನ್ನೂ ಮೊದಲೇ ಕಂಡು ಬನ್ನಿ. ನಾವು ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: 'ನಮ್ಮ ರೈತರ ಮಾತೂ ಕೇಳಿಸ್ತೀರಾ?' ಕೇಳಿಸುತ್ತೇವೆ, ನೀವೂ ಬನ್ನಿ ಅಂದೆವು. ಇಬ್ಬರು ಬಂದರು, ಎರಡು ದಿನವೂ ಇದ್ದರು.

ಚಿತ್ರ ಮುಗಿದ ಮೇಲಿನ ಒಂದು ಗಂಟೆ

ಉತ್ಸವ ಅಂದರೆ ನಿಜವಾಗಿ ಇದೇ. ಎರಡು ದಿನಕ್ಕೆ ನಾಲ್ಕೇ ಚಿತ್ರ ಸಾಕು, ಪ್ರತಿಯೊಂದಕ್ಕೂ ಆಮೇಲೆ ಒಂದು ಗಂಟೆ ಬಿಡಿ. ದೀಪ ಹಾಕಿದ ತಕ್ಷಣ ಮೈಕ್ ಕೊಡಬೇಡಿ. ಮೊದಲು ಟೀ. ಹದಿನೈದು ನಿಮಿಷ ಜನ ಹೊರಗೆ ನಿಂತು ತಾವಾಗಿಯೇ ಮಾತಾಡಲಿ. ಆಮೇಲೆ ಕುರ್ಚಿಗಳನ್ನು ಸುತ್ತಲೂ ಹಾಕಿ, ಕನ್ನಡದವರು ಒಂದು ಕಡೆ, ತಮಿಳಿನವರು ಒಂದು ಕಡೆ ಆಗದ ಹಾಗೆ ಬೆರೆಸಿ ಕೂರಿಸಿ.

ನಡೆಸಿಕೊಡುವವರು ಇಬ್ಬರಿರಲಿ, ಒಂದೊಂದು ಕಡೆಯಿಂದ ಒಬ್ಬರು. ಮೊದಲ ಅರ್ಧ ಗಂಟೆ ಮಾತು ರೈತರದ್ದು. ಪ್ರೊಫೆಸರು, ಪತ್ರಕರ್ತರು, ನಮ್ಮಂಥವರು ಕೇಳಿಸಿಕೊಳ್ಳಬೇಕು. ಒಂದು ನಿಯಮ ಮೊದಲೇ ಹೇಳಿ: 'ನೀವು' ಅಂತ ಶುರು ಮಾಡಬೇಡಿ, 'ನಮ್ಮೂರಲ್ಲಿ' ಅಂತ ಶುರು ಮಾಡಿ. ನೀವು ನೀರು ಕದ್ದಿರಿ, ನೀವು ಬಿಡಲಿಲ್ಲ ಅಂದರೆ ಉತ್ತರವೂ ಹಾಗೇ ಬರುತ್ತದೆ. ನಮ್ಮೂರಲ್ಲಿ ಆ ವರ್ಷ ಏನಾಯಿತು ಅಂದರೆ ಎದುರಿನವರು ಕಿವಿ ಕೊಡುತ್ತಾರೆ.

ಅನುವಾದ ವಾಕ್ಯ ವಾಕ್ಯಕ್ಕೆ ನಿಲ್ಲಿಸಿ ಮಾಡಿ. ನಿಧಾನ ಆಗುತ್ತದೆ ಅಂತ ಬೇಜಾರು ಮಾಡಿಕೊಳ್ಳಬೇಡಿ, ಆ ನಿಧಾನದಿಂದಲೇ ಒಳ್ಳೆಯದಾಗುತ್ತದೆ. ಸಿಟ್ಟಿನಿಂದ ಒಂದು ಮಾತು ಆಡಿದವರು ಅದು ಇನ್ನೊಂದು ಭಾಷೆಗೆ ಹೋಗಿ ಬರುವಷ್ಟರಲ್ಲಿ ತಾವೇ ತಣ್ಣಗಾಗಿರುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೇ ಉತ್ಸವದ ಒಂದು ಚಿತ್ರದಲ್ಲಿ ನಾಲೆಯ ಒಂದು ದೃಶ್ಯ ಇತ್ತು. ಮಾತಿಲ್ಲ. ಒಣಗಿದ ನಾಲೆ, ಜೊಂಡು ಬೆಳೆದಿದೆ, ತುಕ್ಕು ಹಿಡಿದ ತೂಬು, ಬಾಗಿಲು ಎತ್ತುವ ಹಿಡಿ ಇಲ್ಲ, ಅದರ ಜಾಗದಲ್ಲಿ ಒಂದು ಕಟ್ಟಿಗೆ ಸಿಕ್ಕಿಸಿದ್ದಾರೆ. ಟೀ ಕುಡಿಯುವಾಗ ಮಳವಳ್ಳಿ ಕಡೆಯ ಒಬ್ಬರು "ಇದು ನಮ್ ನಾಲೆನೇಯ, ಹಿಡಿ ಕಿತ್ಕೊಂಡೋಗಿ ನಾಕು ವರ್ಷ ಆಯ್ತು" ಅಂದರು. ಪಕ್ಕದಲ್ಲಿದ್ದವರು ತಿರುವಾರೂರಿನವರು. ಅನುವಾದ ಮಾಡಿ ಹೇಳಿದಾಗ ಅವರು ನಕ್ಕು, ಫೋನ್ ತೆಗೆದು ತಮ್ಮ ಗದ್ದೆ ಪಕ್ಕದ ತೂಬಿನ ಫೋಟೋ ತೋರಿಸಿದರು. ಅಲ್ಲೂ ಹಿಡಿ ಇಲ್ಲ, ಅಲ್ಲೂ ಕಟ್ಟಿಗೆ. ಚಿತ್ರದಲ್ಲಿದ್ದ ನಾಲೆ ಅವರ ಜಿಲ್ಲೆಯದ್ದು. ಆಮೇಲೆ ಇಬ್ಬರೂ ಒಂದು ಗಂಟೆ ಎಂಜಿನಿಯರುಗಳ ಬಗ್ಗೆ, ಹೂಳಿನ ಬಗ್ಗೆ, ಮೇಲಿನವರು ಪಂಪ್ ಇಟ್ಟು ನೀರೆತ್ತುವ ಬಗ್ಗೆ ಮಾತಾಡಿದರು. 'ಅಣ್ಣಾ' ಅಂತ ಇವರು, 'ಅಣ್ಣೇ' ಅಂತ ಅವರು. ಟಿಎಂಸಿ, ಅಂದರೆ ನೀರು ಅಳೆಯುವ ಸಾವಿರ ಮಿಲಿಯನ್ ಘನ ಅಡಿ, ಅನ್ನುವ ಮಾತೇ ಬರಲಿಲ್ಲ.

ಆದರೆ ಟಿಎಂಸಿ ಮಾತು ಎಲ್ಲಾದರೂ ಬಂದೇ ಬರುತ್ತದೆ, ಬರಲೂಬೇಕು. ಅಂಕಿ ಸರಿಯಾಗಿ ಗೊತ್ತಿಲ್ಲದೆ ಆಗುವ ಜಗಳವೇ ಜಾಸ್ತಿ. ಒಂದು ದೊಡ್ಡ ಹಾಳೆಯಲ್ಲಿ ಎರಡೂ ಭಾಷೆಯಲ್ಲಿ ಬರೆದು ಗೋಡೆಗೆ ಹಚ್ಚಿ: ಮೈಸೂರು, ಮದ್ರಾಸ್ ನಡುವಿನ 1892 ಮತ್ತು 1924ರ ಒಪ್ಪಂದ. 1990ರಲ್ಲಿ ನ್ಯಾಯಮಂಡಳಿ. 1991ರ ಮಧ್ಯಂತರ ಆದೇಶ, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ. 2007ರ ಅಂತಿಮ ತೀರ್ಪಿನಲ್ಲಿ ಒಟ್ಟು 740 ಟಿಎಂಸಿ ಅಂತ ಲೆಕ್ಕ ಹಿಡಿದು ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಹೆಚ್ಚಿಸಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ, 10 ತಮಿಳುನಾಡಿನ ಅಂತರ್ಜಲ ಲೆಕ್ಕ ಹಿಡಿದು. ಗಡಿಯಲ್ಲಿ ನೀರು ಅಳೆಯುವ ಜಾಗವಾದ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ ಹರಿಯಬೇಕಾದ್ದು 192ರಿಂದ 177.25ಕ್ಕೆ ಇಳಿಯಿತು. ಯಾರಾದರೂ ಬೇರೆ ಅಂಕಿ ಹೇಳಿದರೆ ಗೋಡೆ ತೋರಿಸಿ. ಮಳೆ ಕಮ್ಮಿಯಾದ ವರ್ಷ ಕಷ್ಟವನ್ನು ಹೇಗೆ ಹಂಚಿಕೊಳ್ಳಬೇಕು ಅನ್ನುವುದೇ ಇವತ್ತಿಗೂ ಬಗೆಹರಿಯದ ಪ್ರಶ್ನೆ, ಮಾತು ಅಲ್ಲಿಗೆ ಬಂದರೆ ಉತ್ಸವ ದಾರಿಗೆ ಬಂದಿದೆ ಅಂತ ತಿಳಿಯಿರಿ.

ಆ ಹಾಳೆ ಪಕ್ಕದಲ್ಲಿ ಇನ್ನೊಂದು ಹಲಗೆ ಇಟ್ಟಿದ್ದೆವು, ಕೆಆರ್‌ಎಸ್ ಇವತ್ತು ಎಷ್ಟು ಅಡಿ, ಮೆಟ್ಟೂರು ಎಷ್ಟು ಅಡಿ ಅಂತ. ತುಂಬಿದರೆ ಇದು 124.80, ಅದು 120. ಬೆಳಗ್ಗೆ ಎದ್ದ ತಕ್ಷಣ ಎಲ್ಲರೂ ನೋಡಲು ಬರುತ್ತಿದ್ದುದು ಆ ಹಲಗೆಯನ್ನೇ. ಮಂಡ್ಯದವರು ಮೆಟ್ಟೂರಿನ ಮಟ್ಟವನ್ನು, ತಂಜಾವೂರಿನವರು ಕೆಆರ್‌ಎಸ್ ಮಟ್ಟವನ್ನು ಕೇಳುವುದು ನಾನು ಜೀವನದಲ್ಲಿ ಮೊದಲ ಸಲ ಕೇಳಿದ್ದು ಅಲ್ಲಿ.

ಗಲಾಟೆ ಆದರೆ

ಯಾರಾದರೂ ಕೂಗಿದರೆ ಹೊರಗೆ ಹಾಕಬೇಡಿ. ಅವರ ಮಾತು ಪೂರ್ತಿ ಆಗಲಿ, ಅದನ್ನೂ ವಾಕ್ಯ ವಾಕ್ಯಕ್ಕೆ ಅನುವಾದ ಮಾಡಿ. ಮೈಮುಟ್ಟಿದರೆ ಮಾತ್ರ ನಿಲ್ಲಿಸಿ. ಮೊಬೈಲ್ ವಿಡಿಯೋ ಒಳಗೆ ಬೇಡ ಅಂತ ಮೊದಲೇ ಒಪ್ಪಿಸಿಕೊಳ್ಳಿ. ಒಬ್ಬರು ಬೇಸರದಲ್ಲಿ ಆಡಿದ ಮೂವತ್ತು ಸೆಕೆಂಡಿನ ಮಾತು ವಾಟ್ಸಾಪಿನಲ್ಲಿ ಓಡಾಡಿದರೆ ಅವರು ಊರಿಗೆ ಹೋಗಿ ತಲೆಯೆತ್ತಿ ನಡೆಯಲಾಗುವುದಿಲ್ಲ. ದೂರದಿಂದ ಬಂದವರು ವಾಪಸ್ ಮನೆ ಮುಟ್ಟುವವರೆಗೆ ಅವರ ಜವಾಬ್ದಾರಿ ನಿಮ್ಮದು, ಮುಟ್ಟಿದ ಮೇಲೆ ಫೋನ್ ಮಾಡಿ.

ಖರ್ಚು ಜಾಸ್ತಿ ಆಗುವುದು ಪ್ರೊಜೆಕ್ಟರಿಗಲ್ಲ, ಬಸ್ ಚಾರ್ಜಿಗೆ ಮತ್ತು ಊಟಕ್ಕೆ. ಕೂಲಿ ಬಿಟ್ಟು ಬಂದವರಿಗೆ ಎರಡು ದಿನದ ಕೂಲಿಯನ್ನೂ ಕೊಡಿ. ಅಡುಗೆ ಎರಡೂ ಕಡೆಯದ್ದು ಇರಲಿ. ನಮ್ಮಲ್ಲಿ ಒಂದು ಹೊತ್ತು ರಾಗಿಮುದ್ದೆ ಬಸ್ಸಾರು, ಇನ್ನೊಂದು ಹೊತ್ತು ತಂಜಾವೂರಿನ ಹೆಂಗಸರೇ ನಿಂತು ಮಾಡಿದ ಪುಳಿಕೊಳಂಬು ಇತ್ತು.

ಮುಗಿದ ಮೇಲೆ ಒಂದು ವಾರದೊಳಗೆ ಸಬ್‌ಟೈಟಲ್ ಇರುವ ಚಿತ್ರಗಳನ್ನು ಹಾರ್ಡ್ ಡಿಸ್ಕಿಗೆ ಹಾಕಿ, ನಿರ್ದೇಶಕರ ಒಪ್ಪಿಗೆ ಪತ್ರದ ಜೊತೆ ಆ ಕಡೆಯವರಿಗೆ ಕೊಡಿ, ಮುಂದಿನದನ್ನು ಅವರು ಅವರ ಊರಲ್ಲಿ ಮಾಡಲಿ. ಆಡಿ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ ಮೊದಲ ವಾರ, ಅಲ್ಲಿ ಕಾವೇರಿ ದಡದಲ್ಲಿ ಆಡಿಪೆರುಕ್ಕು ಹಬ್ಬ. ಆಗ ಉತ್ಸವ ಮಾಡುವುದು ಬೇಡ, ಸುಮ್ನೆ ಹಬ್ಬಕ್ಕೆ ಹೋಗಿ ಬನ್ನಿ. ನಾವು ನಾಲ್ಕು ಜನ ಹೋಗಿದ್ದೆವು. ಮಳವಳ್ಳಿಯವರು ಕೈಯಲ್ಲಿ ಒಂದು ಗೋಣಿಚೀಲ ಹಿಡಿದು ಬಂದಿದ್ದರು, ಒಳಗೆ ಕಬ್ಬಿಣದ ಹಿಡಿ ಎರಡು. ತಮ್ಮೂರ ಕುಲುಮೆಯಲ್ಲಿ ಹೊಡೆಸಿದ್ದಂತೆ. ಒಂದನ್ನು ತಮ್ಮ ತೂಬಿಗೆ ಮೊದಲೇ ಹಾಕಿ ನೋಡಿ, ಅದೇ ಅಳತೆಗೆ ಇನ್ನೆರಡು ಮಾಡಿಸಿದ್ದರು.